ದೊಡ್ಡ ಸೈಜಿನ ಜಾಕೆಟ್

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರನ್ನು ಊರವರೆಲ್ಲ ಬೆಲ್ಟ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷಗಳಿಂದ ಅವರು ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಕೀಲಿಗೆ ಕೈ ಹೋಗುವ ಮೊದಲೇ "ಬೆಲ್ಟ್" ಎನ್ನುತ್ತಿದ್ದರು. ಹೇಳಿದ್ದು ಕೇಳದವರನ್ನು ಮುಲಾಜಿಲ್ಲದೆ ಇಳಿಸಿ ಮನೆಗೆ ಕಳಿಸುತ್ತಿದ್ದರು. ಒಮ್ಮೆ ಒಬ್ಬ ದೊಡ್ಡ ಅಧಿಕಾರಿಯನ್ನೂ ಹಾಗೆ ಇಳಿಸಿದ್ದರೆಂದು ಜನ ಹೇಳುತ್ತಿದ್ದರು. ಮೇಷ್ಟ್ರು ಅದನ್ನು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

ಅವರದು ದೊಡ್ಡ ಮೈ. ದೊಡ್ಡದು ಎಂದರೆ ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುವಷ್ಟು. ಕಾರಿನ ಬೆಲ್ಟು ಅವರ ಹೊಟ್ಟೆಗೆ ಗೇಣುದ್ದ ಸಾಲದೆ ಬರುತ್ತಿತ್ತು. ಅದಕ್ಕೆಂದು ಬೆಲ್ಟನ್ನು ಉದ್ದ ಮಾಡುವ ಒಂದು ಜೋಡಣೆ ತುಂಡನ್ನು ಬೇರೆ ಊರಿನಿಂದ ತರಿಸಿಕೊಂಡು, ಕಲಿಯುವವರು ಬರುವ ಮುಂಚೆಯೇ ಸಿಕ್ಕಿಸಿ, ಮೇಲೆ ಒಂದು ಟವೆಲ್ ಹಾಸಿಕೊಂಡು ಕೂರುತ್ತಿದ್ದರು. ಅದು ಇರುವುದು ಅವರ ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಒಬ್ಬಳೇ ಮಗಳ ಮದುವೆಯಾಗಿ ಮೂರು ತಿಂಗಳಾಗಿತ್ತು. ಅಳಿಯನ ತಂದೆ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟವರು. ಕಡ್ಡಿಯಂಥ ಮನುಷ್ಯ, ಮಾತೂ ಕಡಿಮೆ. ಅವರಿಗಿದ್ದ ಹುಚ್ಚು ಒಂದೇ, ಕಯಾಕಿನಲ್ಲಿ ಕೂತು ಮೀನು ಹಿಡಿಯುವುದು. ಕೆರೆಯ ಬೋಟ್ ಕ್ಲಬ್ಬಿನಲ್ಲಿ ಅವರದೇ ಆದ, ಇಬ್ಬರು ಒಬ್ಬರ ಹಿಂದೊಬ್ಬರು ಕಾಲು ಚಾಚಿ ಕೂರುವಂಥ ಹಳದಿ ಕಯಾಕ್ ಒಂದಿತ್ತು. "ಬೀಗರೇ, ಒಂದ್ಸಲ ಬನ್ನಿ. ನೀರಿನ ಮೇಲೆ ಕೂತ್ರೆ ತಲೆ ಹಗುರ ಆಗುತ್ತೆ" ಎಂದು ಮದುವೆಯಾದಾಗಿನಿಂದ ಕರೆಯುತ್ತಲೇ ಇದ್ದರು. ಎಷ್ಟು ಸಲ ನೆಪ ಹೇಳುವುದು? ಒಂದು ಭಾನುವಾರ ಬೆಳಿಗ್ಗೆ ಮೇಷ್ಟ್ರು ಹೊರಟರು. ಮಂಡಿ ನೋವೆಂದು ಹೆಂಡತಿ ಮನೆಯಲ್ಲೇ ಉಳಿದರು.

ಕೆರೆಯ ದಂಡೆಯಲ್ಲಿ ಹಲಗೆ ಹಾಸಿದ ಕಟ್ಟೆ, ಅದರ ಪಕ್ಕದಲ್ಲಿ ತಗಡಿನ ಶೆಡ್ಡು. ಶೆಡ್ಡಿನ ಮುಂದೆ ಬಟ್ಟೆ ಒಣಹಾಕಿದ ಹಾಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ಗಳು ತೂಗುತ್ತಿದ್ದವು. ಜಾಕೆಟ್ ತೊಡಿಸುವ ಕೆಲಸದವಳು ನಲವತ್ತರ ಆಸುಪಾಸಿನ ಹೆಂಗಸು, ಕೊರಳಲ್ಲಿ ಸೀಟಿ, ಕಾಲಲ್ಲಿ ರಬ್ಬರ್ ಬೂಟು. ಬಂದವರ ಮೈಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಅಳತೆ ಕೇಳದೆಯೇ ಜಾಕೆಟ್ ಎಳೆದು ಕೊಡುತ್ತಿದ್ದಳು. ಬೀಗರಿಗೆ ಕೊಟ್ಟಳು, ಅವರು ಮೂರೂ ಬಕಲ್ ಟಕ್ ಟಕ್ ಎಂದು ಹಾಕಿಕೊಂಡರು. ಮೇಷ್ಟ್ರಿಗೆ ಇದ್ದುದರಲ್ಲೇ ದೊಡ್ಡದನ್ನು ಕೊಟ್ಟಳು.

ತೋಳು ತೂರಿತು. ಮುಂದೆ ಎರಡು ಅಂಚುಗಳ ನಡುವೆ ಒಂದು ಗೇಣು ಹಾಗೇ ಉಳಿಯಿತು. ಅವಳು ಪಟ್ಟಿಗಳನ್ನೆಲ್ಲ ಪೂರ್ತಿ ಸಡಿಲಿಸಿ, ಒಂದು ಮಂಡಿ ಊರಿ, ಎಳೆದು ನೋಡಿದಳು.

"ಉಸಿರು ಬಿಡಿ ಸರ್... ಇನ್ನೂ ಸ್ವಲ್ಪ."

ಬಿಟ್ಟರು. ಬಕಲ್ ಸೇರಲಿಲ್ಲ. ಹಿಂದೆ ಸಾಲಿನಲ್ಲಿದ್ದ ಯಾರೋ ಕೆಮ್ಮಿದ್ದು ನಗುವಿನ ಹಾಗೆ ಕೇಳಿಸಿತು. ಜೊತೆಗೆ ಬಂದಿದ್ದ ಮಗಳು, ಅಳಿಯ, ಬೀಗಿತ್ತಿ ಮೂವರೂ ನಾಲ್ಕು ಹೆಜ್ಜೆ ಆಚೆ ನಿಂತಿದ್ದರು. ಮೇಷ್ಟ್ರು ಅವರತ್ತ ನೋಡಲಿಲ್ಲ.

ಹೆಂಗಸು ಎದ್ದು ಶೆಡ್ಡಿನೊಳಗೆ ತಿರುಗಿ ಕೂಗಿದಳು: "ಅಣ್ಣಾ, ಎಕ್ಸ್ಟ್ರಾ ದೊಡ್ಡದು ಎಲ್ಲಿಟ್ಟಿದ್ದೀಯಾ? ಮಾಮೂಲಿ ದೊಡ್ಡದಲ್ಲ, ತುಂಬಾ ದೊಡ್ಡದು!"

ಅವಳಿಗೆ ಅದು ದಿನನಿತ್ಯದ ಮಾತು. ಮೇಷ್ಟ್ರಿಗೆ ಮಾತ್ರ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಬೇಡಮ್ಮ, ಬೇಡ" ಎಂದರು. "ನನಗೆ ಈಜು ಬರುತ್ತೆ."

"ಬಂದ್ರೂ ಹಾಕ್ಲೇಬೇಕು ಸರ್. ಹಿಂದಿನ ಗೋಡೌನಲ್ಲಿದೆ. ಹತ್ತು ನಿಮಿಷ ನಿಲ್ಲಿ, ತಂದುಬಿಡ್ತೀನಿ."

ಮಗಳು ಹತ್ತಿರ ಬಂದಳು. "ಅಪ್ಪ, ನಿನಗೆ ಈಜು ಬರುತ್ತಾ? ಯಾವಾಗ ಕಲಿತೆ?"

"ನೀನು ಹುಟ್ಟೋಕೂ ಮುಂಚೆ" ಎಂದರು ಮೇಷ್ಟ್ರು. ಅವರು ಸೊಂಟಕ್ಕಿಂತ ಮೇಲಿನ ನೀರಿಗೆ ಇಳಿದವರೇ ಅಲ್ಲ.

ಹೆಂಗಸು ಗೋಡೌನಿನ ಕಡೆ ಓಡಿದಳು. ಹತ್ತು ನಿಮಿಷ ಅಲ್ಲಿ, ಆ ಸಾಲಿನ ಎದುರು, ಹೊಟ್ಟೆಯ ಮೇಲೆ ಬಾಯಿ ತೆರೆದ ಜಾಕೆಟ್ ಹಾಕಿಕೊಂಡು ನಿಲ್ಲುವುದನ್ನು ನೆನೆಸಿಕೊಂಡೇ ಮೇಷ್ಟ್ರ ಕಿವಿ ಕಾದವು. "ನಡೀರಿ ಬೀಗರೇ, ಬಿಸಿಲೇರಿದ್ರೆ ಮೀನು ಸಿಗಲ್ಲ ಅಂದಿದ್ರಲ್ಲ" ಎಂದು ಅವರೇ ಮುಂದಾದರು. ಬೀಗರು ಒಮ್ಮೆ ಗೋಡೌನಿನ ಕಡೆ, ಒಮ್ಮೆ ಮೇಷ್ಟ್ರ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಮೇಷ್ಟ್ರು ಹಿಂದಿನ ಸೀಟಿನಲ್ಲಿ ಕೂತು, ಜಾಕೆಟ್ ಕಳಚಿ ಬೆನ್ನ ಹಿಂದೆ ತುರುಕಿಕೊಂಡರು. ಕಯಾಕ್ ಕಟ್ಟೆ ಬಿಟ್ಟಿತು.

ಮೊದಲ ಸ್ವಲ್ಪ ಹೊತ್ತು ನಿಜಕ್ಕೂ ಚೆನ್ನಾಗಿತ್ತು. ಎರಡೂ ತುದಿಗೆ ಅಗಲ ಹಲಗೆಯಿದ್ದ ಹುಟ್ಟನ್ನು ಬೀಗರು ಹಾಕುತ್ತಿದ್ದರೆ ಸದ್ದೇ ಇರಲಿಲ್ಲ. ಕೆರೆಯ ಆ ಬದಿಯಲ್ಲಿ ಜೊಂಡು ಬೆಳೆದ ಕಡೆ ನಿಲ್ಲಿಸಿ, ಗಾಳಕ್ಕೆ ಎರೆಹುಳು ಸಿಕ್ಕಿಸಿ, ದಾರ ಬೀಸಿದರು. ಮೇಷ್ಟ್ರು ತಮ್ಮ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಮಾನ ಉಳಿಯಿತಲ್ಲ ಎಂದು ಸಮಾಧಾನಪಟ್ಟುಕೊಂಡರು. ಬಂದು ಐದಾರು ನಿಮಿಷವಾಗಿರಬೇಕು, ಗಾಳದ ಕೋಲು ಬಿಲ್ಲಿನಂತೆ ಬಾಗಿತು.

"ಬಲೆ! ಬೀಗರೇ, ನಿಮ್ಮ ಎಡಕ್ಕಿದೆ ನೋಡಿ, ಬಲೆ!"

ಮೇಷ್ಟ್ರು ಹಿಡಿಬಲೆಗೆಂದು ಎಡಕ್ಕೆ ವಾಲಿದರು. ಅವರ ಭಾರ ಪೂರ್ತಿ ಆ ಕಡೆ ಬಂತು. ಕಯಾಕ್ ಹಾಸಿಗೆಯಲ್ಲಿ ಮಗ್ಗುಲಾಗುವ ಹಾಗೆ ಸುಲಭವಾಗಿ ಮಗುಚಿಕೊಂಡಿತು.

ನೀರು ಇಷ್ಟು ತಣ್ಣಗಿರುತ್ತದೆಂದು ಅವರು ಎಣಿಸಿರಲಿಲ್ಲ. ಮೂಗಿಗೆ, ಬಾಯಿಗೆ ನುಗ್ಗಿತು. ಕಾಲಿಗೆ ನೆಲ ಸಿಗಲಿಲ್ಲ. ಮೇಲೆ ಬಂದಾಗ ಕಂಡದ್ದು ಎರಡು ವಸ್ತು: ಅವರು ಬೆನ್ನ ಹಿಂದೆ ತುರುಕಿಕೊಂಡಿದ್ದ ಕಿತ್ತಳೆ ಜಾಕೆಟ್ ಎರಡಾಳು ದೂರದಲ್ಲಿ ತೇಲಿ ಹೋಗುತ್ತಿದ್ದುದು, ಮತ್ತು ಪಕ್ಕದಲ್ಲೇ ಬೀಗರ ತಲೆ. ಜಾಕೆಟ್ ಅವರನ್ನು ಬಿರಡೆಯ ಹಾಗೆ ನೆಟ್ಟಗೆ ನಿಲ್ಲಿಸಿತ್ತು. ಅವರು ಕೈ ಚಾಚಿ, "ಹಿಡ್ಕೊಳ್ಳಿ ಬೀಗರೇ, ನನ್ನ ಭುಜ ಹಿಡ್ಕೊಳ್ಳಿ" ಎನ್ನುತ್ತಿದ್ದರು.

ಮೇಷ್ಟ್ರು ಭುಜ ಹಿಡಿಯಲಿಲ್ಲ. ಜಾಕೆಟಿನ ಕೊರಳ ಪಟ್ಟಿ ಹಿಡಿದರು.

ಆಮೇಲೆ ಎಷ್ಟೋ ರಾತ್ರಿ ಅವರು ಗಾಬರಿಯಲ್ಲಿ ಹಾಗಾಯಿತು, ಕೈಗೆ ಸಿಕ್ಕಿದ್ದು ಹಿಡಿದೆ ಎಂದು ತಮಗೆ ತಾವೇ ಹೇಳಿಕೊಂಡರು. ಅದು ಸುಳ್ಳೆಂದು ಅವರಿಗೇ ಗೊತ್ತಿತ್ತು. ಆ ಕ್ಷಣದಲ್ಲಿ ತಲೆಯೊಳಗೆ ಮಾತು ಸ್ಪಷ್ಟವಾಗಿಯೇ ಮೂಡಿತ್ತು: ಇವರಿಗೆ ಈಜು ಬರುತ್ತೆ, ಇದು ನನಗೆ ಬೇಕು. ಎರಡೂ ಕೈಯಿಂದ ಪಟ್ಟಿ ಹಿಡಿದು ಜಾಕೆಟನ್ನು ಬೀಗರ ತಲೆಯ ಮೇಲಿಂದ ಕಿತ್ತುಕೊಳ್ಳಲು ಎಳೆದರು. ಪಟ್ಟಿ ಬೀಗರ ಕುತ್ತಿಗೆಗೆ ಬಿಗಿಯಿತು. ಕನ್ನಡಕ ಕಳಚಿ ಬಿತ್ತು. ಅವರ ಕಣ್ಣು ದೊಡ್ಡದಾಯಿತು. ಒಮ್ಮೆ ಮುಳುಗಿದರು, ಎದ್ದರು, ಮತ್ತೆ ಮುಳುಗಿದರು. ಬಕಲ್‌ಗಳು ಮೂರೂ ಗಟ್ಟಿಯಾಗಿ ಹಿಡಿದಿದ್ದವು, ಅದರಿಂದ ಜಾಕೆಟ್ ಬರಲಿಲ್ಲ.

ಅಷ್ಟರಲ್ಲಿ ಮೋಟಾರಿನ ಸದ್ದು. ಬೂಟು ತೊಟ್ಟ ಹೆಂಗಸು ದೋಣಿಯಿಂದ ಬಗ್ಗಿ ಮೇಷ್ಟ್ರ ಅಂಗಿಯ ಕಾಲರಿಗೆ ಕೈ ಹಾಕಿದಳು. "ಬಿಡಿ! ಅವರನ್ನ ಬಿಡಿ ಸರ್! ಇದನ್ನ ಹಿಡೀರಿ!" ಎಂದು ತೇಲುವ ದೊಡ್ಡ ರಬ್ಬರ್ ಬಳೆಯನ್ನು ಅವರ ಎದೆಗೆ ಒತ್ತಿದಳು. ಬೀಗರು ದೋಣಿ ಹತ್ತಿದರು. ಮೇಷ್ಟ್ರನ್ನು ಹತ್ತಿಸಲು ಇಬ್ಬರ ಕೈಯಲ್ಲೂ ಆಗಲಿಲ್ಲ. ಬಳೆಗೆ ಜೋತುಬಿದ್ದ ಅವರನ್ನು ದೋಣಿ ನಿಧಾನವಾಗಿ ದಂಡೆಗೆ ಎಳೆದುಕೊಂಡು ಹೋಯಿತು. ದಾರಿಯುದ್ದಕ್ಕೂ ಆ ಹೆಂಗಸು ಅವರ ಕಾಲರ್ ಬಿಡಲಿಲ್ಲ. ಕಟ್ಟೆಯ ಮೇಲೆ ಜನ ಸಾಲಾಗಿ ನಿಂತು ನೋಡುತ್ತಿದ್ದರು. ಕೆಲವರ ಕೈಯಲ್ಲಿ ಫೋನಿತ್ತು.

ಬೋಟ್ ಕ್ಲಬ್ಬಿನ ಆಫೀಸಿನಲ್ಲಿ ಕಂಬಳಿ ಹೊದ್ದು ಕೂತಾಗ ಗುಮಾಸ್ತರೊಬ್ಬರು ಒಂದು ಫಾರಂ ಹಿಡಿದು ಬಂದರು.

"ನಿಮಗೆ ಜಾಕೆಟ್ ಕೊಟ್ಟಿದ್ರಾ?"

ಬಾಗಿಲಲ್ಲಿ ಮಗಳು ನಿಂತಿದ್ದಳು. ಪಕ್ಕದಲ್ಲಿ ಬೀಗಿತ್ತಿ.

"ನನ್ನ ಅಳತೆಯದು ಇರಲಿಲ್ಲ" ಎಂದರು ಮೇಷ್ಟ್ರು.

ಗುಮಾಸ್ತರು ಬರೆದುಕೊಂಡು, ರುಜು ಮಾಡಿ ಎಂದರು. ಮಾಡಿದರು. ರುಜು ಸೊಟ್ಟಗೆ ಬಂದದ್ದನ್ನು ಎಲ್ಲರೂ ಚಳಿಗೆ ಎಂದುಕೊಂಡರು.

ಸುದ್ದಿ ಅವರಿಗಿಂತ ಮುಂಚೆ ಮನೆ ಸೇರಿತ್ತು. ಹೆಂಡತಿ ಬಿಸಿನೀರು ಕಾಯಿಸಿಟ್ಟು, ತಲೆ ಒರೆಸಿ, ಕೂರಿಸಿ, ಆಮೇಲೆ ಕೇಳಿದರು: "ಈಜು ಬರುತ್ತೆ ಅಂದ್ರಂತೆ? ಎಲ್ಲಿ ಕಲಿತಿದ್ರಿ, ಬಚ್ಚಲಮನೆ ಬಕೆಟ್‌ನಲ್ಲಾ?" ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ಮೇಷ್ಟ್ರು ಗೋಡೆಯ ಕಡೆ ತಿರುಗಿ ಮಲಗಿಕೊಂಡರು.

ಸೋಮವಾರ ಸ್ಕೂಲಿಗೆ ಹೋದರು. ಮೊದಲ ಪಾಠಕ್ಕೆ ಬಂದವಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಒಳ್ಳೆಯವಳು. ಸ್ಟೇರಿಂಗ್ ಹಿಡಿದು, "ಸರ್, ಪಾಪ, ನಿಮಗೆ ಅವರು ಜಾಕೆಟ್ಟೇ ಕೊಡ್ಲಿಲ್ವಂತೆ. ಎಂಥ ಜನ ಅಲ್ವಾ?" ಎಂದಳು. ಮೇಷ್ಟ್ರು "ಕನ್ನಡಿ ಸರಿ ಮಾಡ್ಕೋ" ಎಂದರು. ಅಂದು ಅವರ ಬಾಯಿಂದ 'ಬೆಲ್ಟ್' ಎಂಬ ಮಾತೇ ಹೊರಡಲಿಲ್ಲ. ಅವಳೇ ನೆನಪಿಟ್ಟು ಹಾಕಿಕೊಂಡಳು.

ಗುರುವಾರ ಸಂಜೆ ಬೀಗರು ಒಬ್ಬರೇ ಮನೆಗೆ ಬಂದರು. ಹೊಸ ಕನ್ನಡಕ ಹಾಕಿದ್ದರು. ಸೆಕೆಯಿದ್ದರೂ ಅಂಗಿಯ ಗುಂಡಿಗಳನ್ನು ಕೊರಳವರೆಗೂ ಹಾಕಿಕೊಂಡಿದ್ದರು. ಕಾಲರಿನ ಅಂಚಿನಲ್ಲಿ ಕಪ್ಪುಗಟ್ಟಿದ ಒಂದು ಗೆರೆ ಇಣುಕುತ್ತಿತ್ತು. ಹೆಂಡತಿ ಟೀ ಕೊಟ್ಟು ಒಳಗೆ ಹೋದರು.

"ಬೀಗರೇ, ಒಂದು ವಿಷಯ" ಎಂದರು ಅವರು. "ಆ ಜಾಕೆಟ್ ಕೊಡೋ ಹೆಂಗಸನ್ನ ಕೆಲಸದಿಂದ ನಿಲ್ಲಿಸಿದ್ದಾರೆ. ನಾಳೆ ವಿಚಾರಣೆ ಅಂತೆ. ಕಣ್ಣಾರೆ ಕಂಡವನು ನಾನು, ನನಗೂ ಬರೆದುಕೊಡಿ ಅಂದಿದ್ದಾರೆ. ಏನು ಬರೀಲಿ?"

ಮೇಷ್ಟ್ರು ಲೋಟ ಕೆಳಗಿಟ್ಟರು.

"ನಿಮ್ಮ ಕುತ್ತಿಗೆ..." ಎಂದರು.

"ವಾಸಿಯಾಗ್ತಿದೆ."

"ನಾನು ಅದನ್ನ ಕಿತ್ಕೊಳ್ಳೋಕೆ ನೋಡಿದೆ. ನಿಮ್ಮ ಜಾಕೆಟ್ಟನ್ನ. ಗಾಬರಿಗೆ ಅಲ್ಲ. ಬೇಕಂತಲೇ."

"ಗೊತ್ತು" ಎಂದರು ಬೀಗರು. "ನೀವು ನನ್ನ ಮುಖಾನೇ ನೋಡ್ತಿದ್ರಲ್ಲ."

ಒಳಗೆ ಪಾತ್ರೆ ಸದ್ದು ನಿಂತಿತು. ಹೆಂಡತಿಗೂ ಕೇಳಿಸಿರಬೇಕು. ಕೇಳಿಸಲಿ ಎಂದುಕೊಂಡರು ಮೇಷ್ಟ್ರು.

"ಯಾರಿಗೂ ಹೇಳ್ಲಿಲ್ಲ ನೀವು."

"ನಾನೇನು ದೊಡ್ಡ ಮನುಷ್ಯ ಅಂತ ಅಲ್ಲ" ಎಂದರು ಬೀಗರು. "ನನಗೂ ಅವತ್ತು ಕಟ್ಟೆ ಮೇಲೆ ಬಾಯಿಗೆ ಬಂದಿತ್ತು, ಹತ್ತು ನಿಮಿಷ ಕಾಯೋಣ ಅಂತ. ಹೆಣ್ಣು ಕೊಟ್ಟ ಬೀಗರಿಗೆ ಜನರ ಮುಂದೆ ಹೇಗೆ ಹೇಳೋದು ಅಂತ ನುಂಗಿಕೊಂಡೆ. ಹಾಗೆ ನುಂಗಬಾರದಿತ್ತು. ಅದು ನನ್ನ ತಪ್ಪು." ಅಂಗಿಯ ಕಾಲರ್ ಸರಿಮಾಡಿಕೊಂಡರು. "ಕುತ್ತಿಗೆ ನಂದು. ನಾನು ಮರೀತೀನಿ ಅಂದ್ರೆ ಯಾರೂ ಕೇಳೋ ಹಾಗಿಲ್ಲ. ಆದ್ರೆ ಅವಳ ಕೆಲಸ ನಂದಲ್ಲ ಬೀಗರೇ. ಅದನ್ನ ನಾನು ಮರೆಯೋಕೆ ಬರಲ್ಲ."

ಬೀಗರು ಹೋದಮೇಲೆ ಹೆಂಡತಿ ಹೊರಗೆ ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಮೇಷ್ಟ್ರಿಗೆ. "ನಾಳೆ ಎಷ್ಟು ಗಂಟೆಗೆ ವಿಚಾರಣೆ?" ಎಂದಷ್ಟೇ ಕೇಳಿದರು.

ಮರುದಿನ ಹತ್ತು ಗಂಟೆಗೆ ಮೇಷ್ಟ್ರು ಬೋಟ್ ಕ್ಲಬ್ಬಿನ ಆಫೀಸಿನಲ್ಲಿದ್ದರು. ಮ್ಯಾನೇಜರ್ ಚಿಕ್ಕ ವಯಸ್ಸಿನವರು. ಮೇಜಿನ ಮೇಲೆ ಭಾನುವಾರದ ಫಾರಂ, ಕೆಳಗೆ ಮೇಷ್ಟ್ರ ಸೊಟ್ಟ ರುಜು. ಗೋಡೆಗೆ ಒರಗಿ ಆ ಹೆಂಗಸು ನಿಂತಿದ್ದಳು. ಇವತ್ತು ಬೂಟಿಲ್ಲ, ಸೀಟಿಯಿಲ್ಲ, ಇಸ್ತ್ರಿ ಮಾಡಿದ ಸೀರೆ. ಮೇಷ್ಟ್ರನ್ನು ಕಂಡು ನಮಸ್ಕಾರವನ್ನೂ ಮಾಡಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

"ಕೂತ್ಕೊಳ್ಳಿ ಸರ್" ಎಂದರು ಮ್ಯಾನೇಜರ್. "ನಮ್ಮಿಂದ ತಪ್ಪಾಗಿದೆ, ನಾವು ಕ್ರಮ..."

"ನಿಮ್ಮಿಂದ ಆಗಿಲ್ಲ" ಎಂದರು ಮೇಷ್ಟ್ರು. ನಿಂತೇ ಇದ್ದರು. "ಈ ಫಾರಂನಲ್ಲಿ ನಾನು ಬರೆಸಿದ್ದು ಸುಳ್ಳು. ಇವರು ದೊಡ್ಡದು ತರ್ತೀನಿ, ಹತ್ತು ನಿಮಿಷ ನಿಲ್ಲಿ ಅಂದ್ರು. ನಾನು ನಿಲ್ಲಲಿಲ್ಲ. ಈಜು ಬರುತ್ತೆ ಅಂದೆ. ಬರಲ್ಲ. ಕೊಟ್ಟಿದ್ದ ಜಾಕೆಟ್ಟನ್ನೂ ಬಿಚ್ಚಿ ಹಿಂದೆ ಹಾಕ್ಕೊಂಡೆ."

"ಯಾಕೆ ಸರ್?" ಎಂದು ಕೇಳಿದರು ಮ್ಯಾನೇಜರ್. ಚುಚ್ಚುವ ಪ್ರಶ್ನೆಯಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದ್ದು.

ಮೇಷ್ಟ್ರು ಈ ಉತ್ತರವನ್ನು ಮನೆಯಿಂದ ತಯಾರು ಮಾಡಿಕೊಂಡು ಬಂದಿರಲಿಲ್ಲ. "ಹೊಟ್ಟೆಗೆ ಸಾಲಲಿಲ್ಲ. ನಾಚಿಕೆಯಾಯ್ತು" ಎಂದರು.

ಹೆಂಗಸು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ನಿಮಗಿಂತ ದಪ್ಪ ಇರೋರಿಗೆ ಹಾಕಿಸಿದ್ದೀನಿ ಸರ್ ನಾನು. ಹೋದ ತಿಂಗಳೇ ಇಬ್ಬರಿಗೆ ಹಾಕಿಸಿದ್ದೆ." ಅವಳ ದನಿ ಏರಲಿಲ್ಲ. "ನಾನು ಗೋಡೌನಿಂದ ದೊಡ್ಡದು ಹಿಡ್ಕೊಂಡು ಓಡಿ ಬಂದೆ. ಕಟ್ಟೆ ಮೇಲೆ ನೀವಿರಲಿಲ್ಲ. ಅದನ್ನ ಕೊಡೋಣ ಅಂತಲೇ ಮೋಟಾರ್ ಬೋಟ್ ತಗೊಂಡು ನಿಮ್ಮ ಹಿಂದೆ ಬಂದಿದ್ದು. ಇಲ್ಲಾಂದ್ರೆ ಆ ಜೊಂಡಿನ ಹತ್ರ ನನಗೇನು ಕೆಲಸ?"

ಮೇಷ್ಟ್ರಿಗೆ ಅದು ಹೊಳೆದೇ ಇರಲಿಲ್ಲ. ಕೂಗು ಕೇಳಿ ಬಂದಳೆಂದೇ ಇಷ್ಟು ದಿನ ತಿಳಿದಿದ್ದರು. ಕೂಗು ಕೇಳಿ ಹೊರಟಿದ್ದರೆ ಅಷ್ಟು ದೂರ ಬರುವ ಹೊತ್ತಿಗೆ ಬೀಗರೂ ಇರುತ್ತಿರಲಿಲ್ಲ, ತಾವೂ ಇರುತ್ತಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು.

"ತಪ್ಪಾಯ್ತಮ್ಮ" ಎಂದರು.

"ಆಯ್ತು ಬಿಡಿ" ಎನ್ನಲಿಲ್ಲ ಅವಳು. "ನಾಲ್ಕು ದಿನದಿಂದ ನನ್ನ ಅತ್ತೆ, ಅಕ್ಕಪಕ್ಕದವರು ಎಲ್ಲ ನನ್ನನ್ನ ಹೇಗೆ ನೋಡಿದ್ರು ಗೊತ್ತಾ ಸರ್? ಒಬ್ಬರ ಜೀವ ತೆಗೀತಿದ್ದೆ ಅನ್ನೋ ಹಾಗೆ" ಎಂದಳು. ಮ್ಯಾನೇಜರ್ ಹೊಸ ಫಾರಂ ತೆಗೆದು ಮುಂದಿಟ್ಟರು. ಮೇಷ್ಟ್ರು ಮೊದಲಿನಿಂದ ಕೊನೆಯವರೆಗೆ ತಾವೇ ಕೈಯಾರೆ ಬರೆದರು. ಬೀಗರ ಕುತ್ತಿಗೆಯ ವಿಷಯವನ್ನೂ ಬರೆದರು. ಅದು ಬೇಕಾಗಿರಲಿಲ್ಲ, ಮ್ಯಾನೇಜರ್ ಹಾಗೆಂದರು ಕೂಡ. ಆದರೂ ಅಳಿಸಲಿಲ್ಲ.

ಹೆಂಗಸು ಮಾರನೆಯ ದಿನದಿಂದ ಕೆಲಸಕ್ಕೆ ಬಂದಳೆಂದು ಬೀಗರಿಂದ ತಿಳಿಯಿತು. ಕ್ಲಬ್ಬಿನವರು ಆ ದೊಡ್ಡ ಜಾಕೆಟ್‌ಗಳನ್ನು ಗೋಡೌನಿನಿಂದ ತೆಗೆಸಿ ಉಳಿದವುಗಳ ಜೊತೆ ಮುಂದೆಯೇ ತೂಗುಹಾಕಿದರಂತೆ. ಹಾಗೆ ಮಾಡಿ ಎಂದು ಅವಳು ಎರಡು ವರ್ಷದಿಂದ ಹೇಳುತ್ತಿದ್ದಳಂತೆ.

ಮಗಳಿಗೆ ಹೇಳುವುದು ಉಳಿದಿತ್ತು. ಅದು ಎಲ್ಲಕ್ಕಿಂತ ಕಷ್ಟವಾಯಿತು. ಮೂರು ಸಲ ಫೋನ್ ಎತ್ತಿ ಇಟ್ಟಮೇಲೆ ಹೆಂಡತಿ, "ಅವಳಿಗೆ ಬೇರೆಯವರ ಬಾಯಿಂದ ಗೊತ್ತಾಗೋದು ಬೇಡ ರೀ" ಎಂದರು. ಮೇಷ್ಟ್ರು ಜಗುಲಿಗೆ ಹೋಗಿ ನಿಂತು ಮಾತಾಡಿದರು. ಈಜಿನ ಸುಳ್ಳು, ಫಾರಂನ ಸುಳ್ಳು, ಆಮೇಲೆ ನೀರಿನೊಳಗಿನದು, ಎಲ್ಲವನ್ನೂ ಹೇಳಿದರು.

"ಮಾವನ ಕುತ್ತಿಗೆಗೆ ದಿನಾ ಮುಲಾಮು ಹಚ್ಚಿದ್ದು ನಾನು" ಎಂದಳು ಮಗಳು. "ಪಟ್ಟಿ ಉಜ್ಜಿದ್ದು ಅಂದ್ರು ಅವರು. ಹೌದೇನೋ ಅಂದ್ಕೊಂಡೆ."

"ನಿನ್ನ ಮುಖ ತಗ್ಗಿಸೋ ಹಾಗೆ ಮಾಡಿದೆ ಮಗಳೇ."

"ಮಾಡಿದೆ" ಎಂದಳು ಅವಳು. ಅಳುತ್ತಿದ್ದಳೋ ಏನೋ, ತಿಳಿಯಲಿಲ್ಲ. "ಸ್ವಲ್ಪ ದಿನ ಬಿಟ್ಟು ನಾನೇ ಫೋನ್ ಮಾಡ್ತೀನಿ ಅಪ್ಪ. ಈಗ ಬೇಡ."

ಹದಿನೇಳು ದಿನ ಬಿಟ್ಟು ಮಾಡಿದಳು. ಗ್ಯಾಸ್ ಸಿಲಿಂಡರಿನ ವಿಷಯ, ಅತ್ತೆಯ ಹಲ್ಲುನೋವಿನ ವಿಷಯ ಮಾತಾಡಿದಳು. ಇಡುವ ಮುಂಚೆ, "ಮಾವ ಈ ಭಾನುವಾರ ಕೆರೆಗೆ ಹೋಗ್ತಾರಂತೆ. ನಿನ್ನ ಕೇಳು ಅಂದ್ರು" ಎಂದಳು.

ಮೇಷ್ಟ್ರು ಹೋದರು. ಅಂದೂ ಸಾಲಿತ್ತು, ಜನ ಇದ್ದರು. ಹೆಂಗಸು ಅವರನ್ನು ಗುರುತು ಹಿಡಿದಳು. ನಗಲಿಲ್ಲ, ಮಾತಾಡಲಿಲ್ಲ. ಎಲ್ಲಕ್ಕಿಂತ ದೊಡ್ಡದನ್ನು ಎಳೆದು ತೊಡಿಸಿ, ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ ಬಿಗಿ ನೋಡಿ, ಮುಂದಿನವರ ಕಡೆ ತಿರುಗಿದಳು. ಯಾರೋ ಪಿಸುಗುಟ್ಟಿದರು, ಬಹುಶಃ ಇವರೇ ಅವರು ಎಂದಿರಬೇಕು. ಮೇಷ್ಟ್ರ ಕಿವಿ ಅವತ್ತಿನಷ್ಟೇ ಕಾದವು, ಒಂದಿಷ್ಟೂ ಕಡಿಮೆಯಿಲ್ಲ. ಹಲಗೆಯ ತುದಿಯಲ್ಲಿ ಬೀಗರು ಕಯಾಕ್ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ಕುಕ್ಕರಗಾಲಿನಲ್ಲಿ ಕಾಯುತ್ತಿದ್ದರು.

"ನಿಧಾನ ಬೀಗರೇ" ಎಂದರು ಅವರು. "ಬಲೆ ಇವತ್ತು ನನ್ನ ಹತ್ರಾನೇ ಇಟ್ಕೊಂಡಿದ್ದೀನಿ."